ನಾಲ್ಕು ಬೆರಳು ಕೊಬ್ಬು

ನವೆಂಬರ್. ಚಳಿಗಾಲಕ್ಕೆಂದು ಕುದುರೆ ಕಡಿಯುವ ತಿಂಗಳು.
ಜುಮಗಾಲಿ ಮುದುಕನ ಅಂಗಳದ ಹಿಮದಲ್ಲಿ
ಕೆಂಪು ಇನ್ನೂ ಹಬೆಯಾಡುತ್ತಿತ್ತು.
ಪಕ್ಕೆಲುಬಿಗೆ ಅಂಗೈಯೊತ್ತಿ ಕುಲ್ಯಾಶ್ ಅಳೆದಳು:
ಒಂದು, ಎರಡು, ಮೂರು, ನಾಲ್ಕು ಬೆರಳು ಕೊಬ್ಬು.
ನೆರೆಯವರು ತಲೆದೂಗಿದರು.
ಈ ಹುಲ್ಲುಗಾವಲಲ್ಲಿ ಸಿರಿಗೆ ಅದೇ ಮೊಳಕೋಲು.

ನಾನು ಊರಿನ ನರ್ಸ್.
ಇಪ್ಪತ್ತೆರಡು ವರ್ಷದಿಂದ ಇವರ ತೋಳಿಗೆ ಪಟ್ಟಿ ಸುತ್ತಿ
ಗಾಳಿ ಒತ್ತುತ್ತಿದ್ದೇನೆ.
ಮುದುಕನ ಇನ್ನೊಂದು ಅಳತೆಯ ಕಾಗದ ನನ್ನ ಕಪಾಟಿನಲ್ಲಿದೆ:
ಮೂರು ಮಿಲಿಮೀಟರ್ ಅಗಲದ ಜಾಲರಿ ಕೊಳವೆ,
ಜೂನ್‌ನಲ್ಲಿ, ಕರಗಂಡದ ಆಸ್ಪತ್ರೆಯಲ್ಲಿ ಕೂರಿಸಿದ್ದು.

ಕೂರಿಸಿದ ಡಾಕ್ಟರ್ ಮೈರಂಬೆಕ್ ಇವತ್ತು ಅತಿಥಿ.
ಕುರಿಯ ತಲೆ ಬಂತು ತಟ್ಟೆಯಲ್ಲಿ, ಮೂತಿ ಅವರ ಕಡೆಗೆ.
ಇದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ.
"ತಿನ್ನಬೇಡ ಅಂದಿದ್ದೆನಲ್ಲ?"
"ನಾನೆಲ್ಲಿ ತಿಂದೆ? ನಿಮಗೆ ಬಡಿಸಿದೆ."

ಊಟ ಬಲ್ಲವನಿಗೆ ರೋಗವಿಲ್ಲವಂತೆ,
ಮಾತು ಬಲ್ಲವನಿಗೆ ಜಗಳವಿಲ್ಲವಂತೆ.
ಆ ಮೇಜಿನ ಸುತ್ತ ಎರಡನ್ನೂ ಬಲ್ಲವರೇ ಕೂತಿದ್ದರು.
ರೋಗವೂ ಇತ್ತು, ಜಗಳವೂ.

"ನಮ್ಮಜ್ಜ ತೊಂಬತ್ತೊಂದಕ್ಕೆ ಹೋದ,
ಹಿಂದಿನ ದಿನವೂ ಕುದುರೆಮಾಂಸ ಜಗಿದಿದ್ದ."
"ಒಡಹುಟ್ಟಿದವರು?"
"ಆರು ಮಂದಿ."
"ಅವರು?"
ಮುದುಕ ಚಹಾದ ಬಟ್ಟಲು ತಿರುಗಿಸಿದ.
"ಇಬ್ಬರು ಯುದ್ಧಕ್ಕೆ. ನಾಲ್ವರು ಮೂವತ್ತೆರಡರಲ್ಲಿ,
ಸರಕಾರ ಮಂದೆಗಳನ್ನು ಹೊಡೆದುಕೊಂಡು ಹೋದ ಮೇಲೆ.
ಮಾಂಸವಿಲ್ಲದೆ ಸತ್ತವರನ್ನು, ಡಾಕ್ಟರೇ,
ನಿಮ್ಮ ಪುಸ್ತಕದಲ್ಲಿ ಯಾವ ಸಾಲಿಗೆ ಬರೆಯುತ್ತೀರಿ?"

ಒಲೆಯಲ್ಲಿ ಕಲ್ಲಿದ್ದಲು ಸಿಡಿಯಿತು.

ಡಾಕ್ಟರು ಸುಳ್ಳು ಹೇಳುವವರಲ್ಲ. ತಡೆದು ತಡೆದು ಹೇಳಿದರು:
ಮಾಂಸ ಜಾಸ್ತಿ ತಿನ್ನುವವನೇ ಬೀಡಿಯನ್ನೂ ಸೇದುತ್ತಾನೆ,
ಉಪ್ಪೂ ಜಾಸ್ತಿ, ಕೂತಲ್ಲೇ ಕೂರುತ್ತಾನೆ.
ಕುದುರೆಬಾಲದ ಹಗ್ಗದಿಂದ ಒಂದೇ ಕೂದಲು ಎಳೆದ ಹಾಗೆ,
ಯಾವುದು ಭಾರ ಹೊತ್ತಿತೆಂದು ಹೇಗೆ ಹೇಳಲಿ?
ಆದರೂ ಬಹಳ ಜನರನ್ನು ಬಹಳ ವರ್ಷ ತೂಗಿದರೆ
ಮುಳ್ಳು ಒಂದೇ ಕಡೆಗೆ ಚೂರು ವಾಲುತ್ತದೆ.
"ಚೂರು ಅಂದರೆ?"
"ಚೂರು ಅಂದರೆ, ಕೆಲವರು.
ಯಾರು ಅನ್ನುವುದು ಮುಳ್ಳಿಗೂ ಗೊತ್ತಿಲ್ಲ."

ನನಗೆ ಟೊಲೆಗೆನ್ ನೆನಪಾದ, ಮುದುಕನ ತಮ್ಮ.
ಹೊಟ್ಟೆಹುಣ್ಣಿಗೆ ಹೆದರಿ ಕೊಬ್ಬು ಮುಟ್ಟಿದವನಲ್ಲ,
ದಿನಕ್ಕೆರಡು ಪ್ಯಾಕು ಸಿಗರೇಟು.
ನಲವತ್ತಾರಕ್ಕೆ, ನನ್ನ ಆಂಬುಲೆನ್ಸಿನಲ್ಲಿ,
ಹಿಮ ಕಟ್ಟಿದ ರಸ್ತೆಯ ಅರ್ಧದಲ್ಲಿ.
ಆಚೆಬೀದಿಯ ಮರ್ಝಿಯಾಗೆ ಎಂಬತ್ತೆಂಟು,
ಕುರಿಬಾಲದ ಕೊಬ್ಬಿಲ್ಲದೆ ಅವಳಿಗೆ ಬೆಳಗಾಗುವುದಿಲ್ಲ.
ಸತ್ತವರು ಸಾಕ್ಷಿಗೆ ಬರುವುದಿಲ್ಲ.
ಬದುಕಿದವರೋ, ಸಾಕ್ಷಿ ಹೇಳಲೆಂದೇ ಬದುಕಿದ ಹಾಗೆ.
ನನ್ನ ಪುಸ್ತಕದಲ್ಲಿ ಒತ್ತಡವಿದೆ, ತಾರೀಖಿದೆ,
ಏನು ಉಂಡರೆಂದು ಒಂದು ದಿನವೂ ಬರೆದಿಲ್ಲ.
ಬರೆದಿದ್ದರೆ? ಸುಳ್ಳು ಹೇಳುತ್ತಿದ್ದರು, ಪಾಪ,
ನನ್ನ ಸಂತೋಷಕ್ಕೆ.

ಡಾಕ್ಟರು ಚಾಕು ಎತ್ತಿಕೊಂಡರು.
ಪದ್ಧತಿಯಂತೆ ಕಿವಿ ಕೊಯ್ದು ಮೊಮ್ಮಗಳಿಗೆ ಕೊಟ್ಟರು,
"ಹಿರಿಯರ ಮಾತು ಕೇಳು, ಮಗಳೇ."
ಆಮೇಲೆ ಇನ್ನೊಂದು ಕಿವಿ ಕೊಯ್ದು
ಮುದುಕನ ಮುಂದೆ ಹಿಡಿದರು.

ಮಕ್ಕಳ ತುತ್ತು ಎಪ್ಪತ್ತರ ಮನುಷ್ಯನಿಗೆ!
ಯಾರೋ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು.
ಜುಮಗಾಲಿ ಡಾಕ್ಟರನ್ನು ನೋಡಿದ, ಕಿವಿಯನ್ನು ನೋಡಿದ,
ಬಾಯಿಗಿಟ್ಟುಕೊಂಡ.
ಬಹಳ ಹೊತ್ತು ಜಗಿದ. ಬರೀ ನರ, ಕೊಬ್ಬೇ ಇಲ್ಲ ಅದರಲ್ಲಿ.

ಹೊರಡುವಾಗ ಕುಲ್ಯಾಶ್ ನನ್ನನ್ನು ಅಡುಗೆಮನೆಗೆ ಎಳೆದಳು.
ಕರುಳಿನಲ್ಲಿ ತುಂಬಿ ಕಟ್ಟಿದ ಕಾಜಿ
ಗೂಟದಿಂದ ಸಾಲಾಗಿ ಜೋತಿತ್ತು.
"ಒಂದೇ ಒಂದು ಬೆರಳು? ವಾರಕ್ಕೊಮ್ಮೆ?"
"ಯಾವ ಬೆರಳು?" ಅಂದೆ.

ಹೆಬ್ಬೆರಳನ್ನು ಕಾಜಿಯ ಮೇಲೆ ಅಡ್ಡ ಇಟ್ಟಳು,
ನನ್ನ ಮುಖ ನೋಡಿ, ತೆಗೆದಳು.
ಕಿರುಬೆರಳು ಇಟ್ಟಳು.
ಉಗುರಿನ ಸಂದಿಯಲ್ಲಿ ಬೆಳಗಿನ ರಕ್ತ ಕಪ್ಪಾಗಿತ್ತು.