ಕ್ಯಾಮರಾದ ಜೊತೆಗಿಟ್ಟ ಚೀಟಿ

ಹತಾನಾಕಾ ಅವರೇ,
ಕುಶಿರೋದಿಂದ ನೀವು ಕಳಿಸಿದ ಡಬ್ಬ ಬಿಚ್ಚಿದಾಗ
ಮೊದಲು ಮೂಗಿಗೆ ಬಡಿದದ್ದು ಉಪ್ಪು,
ಆಮೇಲೆ ಸಿಕ್ಕಿದ್ದು ಕ್ಯಾಮರಾ.
ಅಂಗೈಯಗಲ, ಎತ್ತಿದರೆ ಕಲ್ಲುಗುಂಡು.
ನಿಮ್ಮ ಪತ್ರದಲ್ಲಿ ಇದ್ದದ್ದು ಒಂದೇ ಪದ: ಅಪ್ಪನದು.

ಮಾಡಿದ್ದನ್ನು ಬರೆಯುತ್ತೇನೆ.
ಹಿಂಬಾಗಿಲ ಅಂಚಿನ ಸ್ಪಂಜು ಕರಗಿ ಡಾಂಬರಾಗಿತ್ತು.
ಬಿದಿರುಕಡ್ಡಿ, ಸ್ಪಿರಿಟ್ಟು, ಎರಡು ಸಂಜೆ.
ಆ ಕಾಲುವೆಯಲ್ಲೀಗ ಕಪ್ಪು ಉಣ್ಣೆದಾರ ಕೂರಿಸಿದ್ದೇನೆ
(ನನ್ನಮ್ಮ ಈ ಊರಿನ ರೇಷ್ಮೆ ಮಿಲ್ಲಿನಲ್ಲಿ
ಕುದಿನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕುತ್ತಿದ್ದವಳು.
ಮಿಲ್ಲು ಮುಚ್ಚಿ ಅದೇ ಶೆಡ್ಡಿಗೆ ಕ್ಯಾಮರಾ ಬಂತು,
ಹದಿನಾರಕ್ಕೆ ನಾನು ಬಂದೆ.
ದಾರದ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ).

ಶಟರಿನ ಐದು ಎಲೆ ಎಣ್ಣೆ ಕುಡಿದು ಒಂದಕ್ಕೊಂದು ಅಂಟಿ
ಜ್ವರದ ಕಣ್ಣಿನ ಹಾಗೆ ನಿಧಾನ ತೆರೆಯುತ್ತಿದ್ದವು.
ಲೈಟರಿನ ಪೆಟ್ರೋಲು, ಹತ್ತಿ, ಮತ್ತೆ ಪೆಟ್ರೋಲು.
ಈಗ ಕೇಳಿ: ಟಿಕ್.
ಅದಕ್ಕಿಂತ ಜೋರಾಗಿ ಅದು ಯಾವತ್ತೂ ಮಾತಾಡಿದ್ದಲ್ಲ.

ಮಸೂರದೊಳಗೆ ನಿಮ್ಮೂರಿನ ಮಂಜು ಬೂಷ್ಟಾಗಿ ಬೇರುಬಿಟ್ಟಿತ್ತು.
ಒರೆಸಿದೆ. ಅಂಚಿನ ಒಂದು ಎಳೆ ಗಾಜನ್ನೇ ತಿಂದಿದೆ, ಹೋಗದು.
ಮೇಲ್ಮುಚ್ಚಳದ ನೆಗ್ಗು ತೆಗೆಯಬಹುದಿತ್ತು, ತೆಗೆಯಲಿಲ್ಲ.
ಯಾರ ಕೈಯಿಂದ ಬಿತ್ತೋ, ನೀವೇ ಬಲ್ಲಿರಿ.

ಇನ್ನು ಹೇಳಲೇಬೇಕಾದ್ದು.
ಎಣಿಕೆಯ ಮುಳ್ಳು ಸೊನ್ನೆಯಲ್ಲೇ ಸಿಕ್ಕಿಕೊಂಡಿತ್ತು.
ಖಾಲಿ ಅಂದುಕೊಂಡೆ.
ಅಂದುಕೊಳ್ಳಬಾರದು ಅಂದುಕೊಳ್ಳಬಾರದು ಎಂದು
ಐವತ್ತೈದು ವರ್ಷ ಹುಡುಗರಿಗೆ ಹೇಳಿ ನಾಲಿಗೆ ಸವೆಸಿದವಳು
ಅಂದುಕೊಂಡೆ, ಹಿಂಬಾಗಿಲು ತೆಗೆದೆ.
ಒಳಗೆ ಫಿಲ್ಮಿತ್ತು.
ಮುಚ್ಚುವಷ್ಟರಲ್ಲಿ ಒಂದು ಉಸಿರಿನಷ್ಟು ಬೆಳಕು
ಒಳಹೊಕ್ಕು ಕೂತಿತ್ತು.

ಸುರುಳಿಯಲ್ಲಿ ಹೊರಗಿರುವುದು ಕೊನೆಗೆ ತೆಗೆದದ್ದು,
ಬೆಳಕು ಮೊದಲು ತಿನ್ನುವುದೂ ಅದನ್ನೇ.
ನಿಮ್ಮ ತಂದೆ ಕೊನೆಯದಾಗಿ ಹಿಡಿದ ಆರು ಚಿತ್ರಗಳನ್ನು
ನಾನು ಸುಟ್ಟೆ.
ಇದಕ್ಕೆ ರಸೀದಿಯಲ್ಲಿ ಜಾಗವಿಲ್ಲ, ಅದಕ್ಕೇ ಈ ಚೀಟಿ.

ಉಳಿದ ಹನ್ನೊಂದನ್ನು ತೊಳೆದು, ಪ್ರಿಂಟು ಹಾಕಿ ಇಟ್ಟಿದ್ದೇನೆ.
ಹನ್ನೊಂದರಲ್ಲೂ ಅದೇ ಹೆಂಗಸು, ತಲೆಗೆ ಬಟ್ಟೆ ಕಟ್ಟಿದವಳು,
ಹನ್ನೊಂದರಲ್ಲೂ ಅವಳು ಮಬ್ಬು.
ಅವಳ ಹಿಂದೆ ಹಗ್ಗದಲ್ಲಿ ಒಣಹಾಕಿದ ಶಿಶಾಮೊ ಮೀನು ಮಾತ್ರ
ಒಂದೊಂದರ ಕಣ್ಣೂ ಎಣಿಸುವಷ್ಟು ನಿಚ್ಚಳ.

ಅವರ ಕೈ ನಡುಗಿತೆನ್ನಬೇಡಿ.
ನಡುಗಿದ್ದರೆ ಮೀನೂ ಅಲುಗುತ್ತಿದ್ದವು.
ತಪ್ಪಿದ್ದು ಒಳಗಿನ ಕನ್ನಡಿ, ಎಳ್ಳುಕಾಳಿನಷ್ಟು.
ಕಿಂಡಿಯ ಹಳದಿ ಚೌಕದಲ್ಲಿ ಇಬ್ಬರಾಗಿ ಕಂಡವಳನ್ನು
ಉಂಗುರ ತಿರುಗಿಸಿ, ತಿರುಗಿಸಿ, ಒಬ್ಬಳಾಗಿಸಿ
ಉಸಿರು ಹಿಡಿದೇ ಒತ್ತಿದ್ದಾರೆ.
ಕಣ್ಣಿಗೆ ಕೂಡಿದವಳು ಅವಳು,
ಫಿಲ್ಮಿಗೆ ಕೂಡಿದ್ದು ಮೀನು.
ಈ ಸುರುಳಿ ತೊಳೆಸಿರಲಿಲ್ಲವಾಗಿ ಅವರಿಗಿದು ತಿಳಿಯಲಿಲ್ಲ.
ಅವರ ಮಟ್ಟಿಗೆ ಅವಳು ಸ್ಪಷ್ಟ.

ಕನ್ನಡಿ ಸರಿಮಾಡಿದ್ದೇನೆ.
ಮೊನ್ನೆ ಸುವಾ ಸರೋವರದ ದಂಡೆಯಲ್ಲಿ ನಿಂತು
ಆಚೆ ದಡದ ಚಿಮಣಿಗೆ ಹಿಡಿದೆ, ಕತ್ತಲಾದ ಮೇಲೆ ಚಂದ್ರನಿಗೂ.
ಕೂಡುತ್ತವೆ. ದಿಟ್ಟಿಸಿದರೆ ಮಾತ್ರ ಚಂದ್ರನ ನೆತ್ತಿಯ ಮೇಲೆ
ಕೂದಲೆಳೆಯಷ್ಟು ಇನ್ನೊಬ್ಬ ಚಂದ್ರ.
ಆ ತಿರುಪು ಮುಟ್ಟಿದರೆ ಮುರಿಯುತ್ತದೆ, ಬಿಟ್ಟಿದ್ದೇನೆ.

ಹಳೇ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ.
ಕಿವುಡರ ಯಂತ್ರದ ಗುಂಡಿಗೆ ರಬ್ಬರುಂಗುರ ತೊಡಿಸಿ ಹಾಕಿ.
ಎರಡು ತಿಂಗಳಿಗೆ ಸಾಯುತ್ತದೆ. ಸತ್ತರೆ ಅಂದಾಜು ಸಾಕು;
ಮಂಜಿನೂರಿನವರಿಗೆ ಬೆಳಕಿನ ಅಂದಾಜು ನಾನು ಹೇಳಬೇಕೇ?
ಸನ್ನೆ ಎಳೆದಿಟ್ಟು ಮಲಗಿಸಬೇಡಿ, ಸ್ಪ್ರಿಂಗು ಸೋಲುತ್ತದೆ.
ಫಿಲ್ಮಿಲ್ಲದಿದ್ದರೂ ತಿಂಗಳಿಗೊಮ್ಮೆ ಒತ್ತಿ,
ಕೂತಲ್ಲೇ ಕೂತ ಎಣ್ಣೆ ಗೋಂದಾಗುತ್ತದೆ.

ಎಣಿಕೆಯ ಮುಳ್ಳು ಈಗ ಓಡುತ್ತದೆ, ಆದರೂ ನಂಬಬೇಡಿ.
ಬಾಗಿಲು ತೆಗೆಯುವ ಮುಂಚೆ ಎಡಗಡೆಯ ತಿರುಗುಣಿಯನ್ನು
ಎರಡೇ ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ.
ಬಿಗಿಯೆನಿಸಿದರೆ ಒಳಗೆ ಯಾರೋ ಇದ್ದಾರೆ.

ಕೂಲಿ ಬೇಡ.
ಅಂಚೆಯ ಖರ್ಚು ಕಳಿಸಿದರೆ ಸಾಕು,
ದಾರ ಮನೆಯದೇ.

ಕೊಗುಚಿ ಫುಸಾಯೆ
ಒಕಾಯಾ