ಬೆಣೆಗುಳಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಬೇಲಾಪುರದ ಗುಡ್ಡದಡಿ
ಹಾಸಿಗೆ ಹೊತ್ತು ಬರುತ್ತಾರೆ ಇವರು,
ಮಲಗಲಿಕ್ಕಲ್ಲ, ಬೀಳಲಿಕ್ಕೆ.
ಪನ್ವೇಲ್ ಲೋಕಲಿನಲ್ಲಿ ಆ ಹಾಸಿಗೆಗೂ ಒಂದು ಸೀಟು ಬೇಕು,
ಮೀನಿನ ಬುಟ್ಟಿಯವಳು ಬೈದಳಂತೆ.

ಕರಿಕಲ್ಲು. ಎರಡಾಳೆತ್ತರ. ಹೊಟ್ಟೆ ಮುಂದೆ ಬಂದ ಬಂಡೆ.
ಹತ್ತುವುದು ದೊಡ್ಡ ಮಾತಲ್ಲ,
ಹಿಂದಿನಿಂದ ಆಡು ಹತ್ತುತ್ತದೆ, ದಿನಾ.
ಹೇಗೆ ಹತ್ತಿದೆ ಅನ್ನುವುದೇ ಮಾತು.

ಎಡಗಡೆಯ ಅಂಚು ಹಿಡಿಯಬಾರದು, ಅದು ಬೇರೆ ದಾರಿಯದು.
ಪಕ್ಕದ ಕಲ್ಲಿಗೆ ಬೆನ್ನು ತಾಗಿದರೆ ಮತ್ತೆ ಮೊದಲಿಂದ.
ಅತ್ತಿಯ ಬೇರು ಬೇಡ ಅನ್ನುತ್ತಾಳೆ ಕೇತಕಿ,
ಮರ ಕಲ್ಲಲ್ಲ;
ಕಲ್ಲಿನೊಳಗೇ ಇದೆಯಲ್ಲ ಅನ್ನುತ್ತಾನೆ ಜೋಕಿಮ್.
ಅರ್ಧ ಗಂಟೆ ವಾದ. ಬೇರು ಸುಮ್ಮನಿತ್ತು.
ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದವಳ ಮೇಲೆ
ನಾವೂ ಹೀಗೇ ಮುಗಿಬೀಳುತ್ತಿದ್ದೆವು.
ನನಗೆ ಈ ಜಗಳ ಇಷ್ಟ.
ಯಾರೂ ನೋಡದ ಕಡೆ, ಯಾರೂ ಸಂಬಳ ಕೊಡದ ಕಡೆ
ಇಷ್ಟು ಕಟ್ಟುನಿಟ್ಟಾಗಿರುವ ಜನರನ್ನು
ಆಫೀಸಿನಲ್ಲಿ ನಾನು ಕಂಡಿಲ್ಲ.

ಆಮೇಲೆ ಆ ಗುಳಿ.
ಬಲಗೈ ಚಾಚಿದರೆ ಸರಿಯಾಗಿ ಅಲ್ಲೇ,
ಬೆಂಕಿಪೊಟ್ಟಣದಗಲ, ಎರಡು ಗೆಣ್ಣಿನಾಳ.
ಅದರಾಚೆ ಅಂಥವೇ ಇನ್ನು ಮೂರು, ಒಂದೇ ಸಾಲು,
ಗುರುತು ಹಾಕಿ ಹೊಲಿಯದೆ ಬಿಟ್ಟ ಬಟ್ಟೆಯ ಹಾಗೆ.
"ಕೊರೆದದ್ದು," ಅಂದಳು ಕೇತಕಿ,
"ಮಳೆ ಮಾಡಿದ್ದು ಸೈ, ಬಿಸಿಲು ಬಿರುಕು ಬಿಟ್ಟದ್ದು ಸೈ,
ಮನುಷ್ಯ ಮಾಡಿದ್ದು ಮೋಸ."
ತೀರ್ಪಾಯಿತು. ನಾನೂ ತಲೆಯಾಡಿಸಿದೆ.
ಹುಟ್ಟಿದ್ದು ತುರ್ಭೆಯ ಕ್ವಾರಿಯಲ್ಲಿ ಎಂದು
ನಾನು ಹೇಳಿಲ್ಲ. ಅವರು ಕೇಳಿಲ್ಲ.

ಎಂಥಾ ಕಲ್ಲವ್ವಾ ಅದು, ನೋಡೂಣು, ಅಂತ
ಒಂದು ಸಂಜೆ ಅವ್ವ ಬಂದಳು,
ಆಸ್ಪತ್ರೆಯ ಹೌಸ್‌ಕೀಪಿಂಗಿನ ನೀಲಿ ಅಂಗಿ ಸೀರೆಯ ಮೇಲೆ.
ಗುಳಿಯೊಳಗೆ ತೋರುಬೆರಳಿಟ್ಟು
ಕೂಸಿನ ವಸಡಿನಲ್ಲಿ ಹಲ್ಲು ಹುಡುಕುವಂತೆ ಸವರಿದಳು.
"ಎಡಗೈಯವಂದು.
ಚಾಣ ಹಿಂಗ ಓರೆ ಬಿದ್ದೈತಿ ನೋಡು.
ನಮ್ಮೊಳಗ ಎಡಚ ಒಬ್ಬನ ಇದ್ದ, ಅಫಜಲಪುರದ ಸಿದರಾಮ.
ನಾಕು ಗುಳಿ ಹೊಡದಾನ. ಐದನೇದು ಬೇಕಿತ್ತು.
ಐದೂ ಬೆಣಿ ಕುಂತಿದ್ರ ಈ ಕಲ್ಲ ಇರತಿರಲಿಲ್ಲ."
ಯಾಕೆ ಬಿಟ್ಟ?
"ಯಾರಿಗ್ಗೊತ್ತು. ಮೇಸ್ತ್ರಿ ಕರದಿರಬೇಕು. ಹಸಿವಾಗಿರಬೇಕು."

ಇದನ್ನು ಹಿಡಿದು ಹತ್ತಿದರೆ ಮೋಸವಂತೆ, ಎಂದೆ.
"ಹತ್ತಾಕ ಯಾವ ಮಗ ಕೊರದಾನ," ನಕ್ಕಳು,
"ಒಡ್ಯಾಕ ಕೊರದದ್ದು."
ಕತ್ತೆತ್ತಿ ಬಂಡೆಯ ನೆತ್ತಿ ನೋಡಿದಳು.
"ಮ್ಯಾಲ ಮದ್ದಿಟ್ಟಾಗ ಉರುಳಿ ಬಂದದ್ದಿದು.
ಪೂರಾ ಕಲ್ಲ ಮನಶ್ಯಾರು ಮಾಡಿದ್ದು.
ಏನ್ ಮಾಡ್ತಾರಂತ ಈಗ?"

ಕೇತಕಿಯ ಬಳಿ ಉತ್ತರವಿರುತ್ತದೆ, ಯೋಚಿಸುವ ಹುಡುಗಿ,
ಒಡೆಯಲು ಕೊರೆದದ್ದು ಬೇರೆ, ಹತ್ತಲು ಕೊರೆದದ್ದು ಬೇರೆ ಎಂದು
ತೀರ್ಪು ತಿದ್ದಿಯೂ ತಿದ್ದಿಯಾಳು.
ಆದರೆ ಕೇಳುವಾಗ ನಾನು
ಸಿದರಾಮನ ಹೆಸರೆತ್ತಬೇಕು,
ಅವನ ಹಿಂದೆಯೇ ಬುಟ್ಟಿ ಹೊತ್ತು ಅವ್ವ ಬರುತ್ತಾಳೆ,
ಅವಳ ಸೊಂಟದ ಮೇಲೆ ನಾನು.

ಅವ್ವ ಸೆರಗಿನ ತುದಿಗೆ ಉಗುಳು ತಾಗಿಸಿ
ಗುಳಿಯೊಳಗಿನ ಬಿಳಿಪುಡಿ ಒರೆಸಿದಳು.
ಯಾರೂ ಹಿಡಿಯಬಾರದ ಕಡೆ ಈ ಹಿಟ್ಟು ಹೇಗೆ ಬಂತು
ಎಂದು ಕೇಳಲಿಲ್ಲ.
ಬುಧವಾರ ನಾನು ಒಬ್ಬಳೇ ಬಂದಿದ್ದೆ.
ಮೂರು ಬೆರಳು, ಹೊಲಿದ ಹಾಗೆ ಕೂತಿದ್ದವು.

ಮರು ಭಾನುವಾರ ಕೇತಕಿ ಹತ್ತುತ್ತಿದ್ದಳು.
ಹೊಟ್ಟೆ ದಾಟಿದ್ದಳು, ನೆತ್ತಿಗೆ ಇನ್ನೊಂದೇ ಕೈ,
ನಾವೆಲ್ಲ ಉಸಿರು ಬಿಗಿಹಿಡಿದು ಅವಳ ಕಾಲು ನೋಡುತ್ತಿದ್ದೆವು.
ಕೈಬಿಟ್ಟಳು. ಹಾಸಿಗೆಯ ಮೇಲೆ ಧೊಪ್ಪನೆ.
"ಕಿರುಬೆರಳು ತಾಗಿತು ಗುಳಿಗೆ," ಅಂದಳು.
ಯಾರೂ ನೋಡಿರಲಿಲ್ಲ.

ಮುಂದೆ ನನ್ನ ಪಾಳಿ.
ಕೈಗೆ ಪುಡಿ ಹಚ್ಚುತ್ತ ನಿಂತೆ,
ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು.