ಉಂಗುಷ್ಟ

ಬೆಳಗಿನ ಎಂಟಕ್ಕೆ ಹಡಗು ಬಾಯಿ ತೆರೆದು
ಎರಡು ಸಾವಿರ ಜನರನ್ನು ಮೆಸ್ಸಿನಾದ ಕಟ್ಟೆಯ ಮೇಲೆ ಉಗುಳಿತು.
ನಂಬರು ಬರೆದ ಬಸ್ಸುಗಳು, ಬಣ್ಣದ ಕೊಡೆ ಎತ್ತಿ ಹಿಡಿದ ಹುಡುಗಿಯರು.
ಎದೆಗೆ ಅಂಟಿಸಿದ ಚೀಟಿ ನೋಡಿಕೊಂಡು ಸಾಲು ಸೇರಿದರು ಎಲ್ಲರೂ,
ಬೆಂಕಿಬೆಟ್ಟಕ್ಕೊಂದು ಸಾಲು, ಹಳೇ ಕಲ್ಲಿನ ರಂಗಮಂದಿರಕ್ಕೊಂದು.
ನನ್ನೆದೆಯಲ್ಲಿ ಚೀಟಿಯಿರಲಿಲ್ಲ.
ನಿಜ ಹೇಳಬೇಕೆಂದರೆ, ದುಡ್ಡು ಉಳಿಸಲೆಂದು.
ಕೇಳಿದವರಿಗೆ ಮಾತ್ರ
ಒಬ್ಬಳೇ ಅಲೆಯುವುದೇ ನನಗಿಷ್ಟ ಎಂದೆ.

ಸಂಜೆ ಐದಕ್ಕೆ ಹಗ್ಗ ಬಿಚ್ಚುತ್ತೇವೆ,
ತಡವಾದವರಿಗೆ ಕಾಯುವುದಿಲ್ಲ ಎಂದು
ಮೂರು ಭಾಷೆಯಲ್ಲಿ ಹೇಳಿದ್ದರು,
ಮೂರರಲ್ಲೂ ನಗುನಗುತ್ತಲೇ.

ಟ್ರಾಮಿನ ಹಳಿ ದಾಟಿದೆ.
ಮೀನಂಗಡಿಯಲ್ಲಿ ಕತ್ತಿಮೀನಿನ ತಲೆಯೊಂದು
ಮಂಜುಗಡ್ಡೆಯ ಮೇಲೆ ಕೂತು, ಕತ್ತಿಯನ್ನು ಆಕಾಶಕ್ಕೆ ನೆಟ್ಟು,
ಮಾರುವವನಿಗಿಂತ ಗಂಭೀರವಾಗಿತ್ತು.
ಮೂಲೆಯ ಹೋಟೆಲಿನಲ್ಲಿ ಲೋಟದ ತುಂಬ ಕಾಫಿಯ ಹಿಮ,
ಜೊತೆಗೆ ನೆತ್ತಿಯ ಮೇಲೆ ತುರುಬು ಕಟ್ಟಿದ ಬನ್ನು.
ಪಕ್ಕದ ಮೇಜಿನ ಮುದುಕಿ ಕೈಸನ್ನೆಯಲ್ಲೇ ಕಲಿಸಿದಳು:
ಮೊದಲು ತುರುಬು ಕೀಳು,
ಆಮೇಲೆ ಅದ್ದು.

ಹನ್ನೊಂದೂ ಮುಕ್ಕಾಲು.
ಹನ್ನೆರಡಕ್ಕೆ ಚೌಕದಲ್ಲಿರು ಎಂದಿತ್ತು ಇಡೀ ಹಡಗು.
ಗಂಟೆಗೋಪುರದ ಮೇಲೆ ಚಿನ್ನದ ಸಿಂಹ ಗರ್ಜಿಸುತ್ತದೆ,
ಹುಂಜ ಕೂಗುತ್ತದೆ,
ಅದನ್ನು ಕಾಣದವಳು ಈ ಊರು ಕಂಡಂತಲ್ಲ.
ಅವಸರಕ್ಕೆ ಅಡ್ಡದಾರಿ ಹಿಡಿದೆ.
ಇಳಿಜಾರಿನ ಮೆಟ್ಟಿಲಲ್ಲಿ
ಎಡಗಾಲ ಚಪ್ಪಲಿಯ ಉಂಗುಷ್ಟ ಕಿತ್ತು ಬಂತು.

ಬಾಗಿಲಿನಷ್ಟೇ ಅಗಲದ ಅಂಗಡಿ. ಅಂಟಿನ ವಾಸನೆ.
ಲೆತ್ತೇರಿಯೊ, ಎಂದ, ಎದೆ ಮುಟ್ಟಿಕೊಂಡು.
ಮೇರಿಮಾತೆ ಈ ಊರಿಗೊಂದು ಕಾಗದ ಬರೆದಿದ್ದಳಂತೆ,
ಅದಕ್ಕೇ ಇಲ್ಲಿ ಬೀದಿಗೆ ನಾಲ್ಕು ಜನ ಕಾಗದದ ಹೆಸರಿನವರು.
ಅವನ ಇಂಗ್ಲಿಷು ಮುರುಕು. ನನ್ನದೇನು ಗಟ್ಟಿಯೇ?
ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿದ.
ಹೆಬ್ಬೆರಳು ತೂರುವ ಈ ಬಳೆಗೆ ನಿಮ್ಮಲ್ಲಿ ಏನನ್ನುತ್ತಾರೆ?
ಉಂಗುಷ್ಟ.
ಉನ್ ಗುಸ್ತೊ! ಎಂದು ತೊಡೆ ತಟ್ಟಿ ನಕ್ಕ.
ನಮ್ಮಲ್ಲಿ ಹಾಗೆಂದರೆ ಒಂದು ರುಚಿ.
ಒಳಗಿದ್ದ ಹೆಂಡತಿಯನ್ನೂ ಕೂಗಿ ಕರೆದ: ತಿಂದಾರಾ!
ಅದು ಅವಳ ಹೆಸರು.
ಯಾರನ್ನೋ ಊಟ ಆಯಿತೇ ಎಂದು ವಿಚಾರಿಸುತ್ತಿದ್ದಾನೆಂದು
ನಾನು ಬಾಗಿಲತ್ತ ನೋಡಿದೆ.

ದಬ್ಬಳ ಚರ್ಮದೊಳಗೆ ಇಳಿಯುತ್ತಿದ್ದಾಗ
ಮನೆಗಳ ಆಚೆಯಿಂದ, ಹಳೇ ಲಾರಿ ಗೇರು ಬದಲಿಸಿದಂತೆ,
ಸಿಂಹ.
ಮೂರು ಸಲ.
ಅವನು ತಲೆ ಎತ್ತಲಿಲ್ಲ.
ನೀವು ನೋಡಿದ್ದೀರಾ?
ಮದುವೆಗೆ ಮುಂಚೆ ಒಮ್ಮೆ.
ಈಗ ಅದು ಕೂಗಿದರೆ ತಿಂದಾರಾ ನೀರಿಗೆ ಉಪ್ಪು ಹಾಕುತ್ತಾಳೆ.

ಹುಂಜ ಕೂಗುವ ಹೊತ್ತಿಗೆ ದಾರಕ್ಕೆ ಗಂಟು ಬಿದ್ದಿತ್ತು.
ಮೂರು ಯೂರೋ. ಚೌಕಾಶಿ ನೆನಪಾಗಲಿಲ್ಲ.
ಬಿಗಿ ಇದೆ, ನಾಲ್ಕು ದಿನ ನಡೆದರೆ ಸಡಿಲವಾಗುತ್ತದೆ ಎಂದ.
ಆಮೇಲೆ, ಕೈ ಒರೆಸಿಕೊಳ್ಳುತ್ತ, ಸ್ವಲ್ಪ ನಾಚಿ:
ಇಷ್ಟು ವರ್ಷದಿಂದ ನಮ್ಮ ಬೀದಿಯ ತುದಿಯಲ್ಲಿ
ಬಿಳಿ ಗೋಡೆ ಬಂದು ನಿಲ್ಲುತ್ತದೆ, ಸಂಜೆಗೆ ಇರುವುದಿಲ್ಲ.
ಅದರ ಮೇಲಿನಿಂದ ನಮ್ಮ ಮನೆ ಕಾಣುತ್ತದೆಯೇ?
ಮಹಡಿಯಲ್ಲಿ ಹಳದಿ ಚಾದರ ಒಣಹಾಕಿದೆ.
ನೋಡುತ್ತೇನೆ, ಎಂದೆ.

ಹತ್ತನೇ ಅಂತಸ್ತಿನಿಂದ
ಊರು ಒಂದು ಬಟ್ಟೆಹಗ್ಗ.
ಹಳದಿ ಚಾದರ ಏಳಿದ್ದವು.
ಯಾವುದಕ್ಕೂ ಇರಲಿ ಎಂದು
ಏಳಕ್ಕೂ ಕೈ ಬೀಸಿದೆ.

ಸಿಂಹ ನೋಡಿದಿರಾ? ಪಕ್ಕದ ಕೋಣೆಯಾಕೆ ಕೇಳಿದಳು.
ಇಲ್ಲ.
ಛೆ, ಎಂದು ತನ್ನ ಫೋನಿನಲ್ಲಿ ತೋರಿಸಿದಳು,
ಸದ್ದು ಆರಿಸಿಕೊಂಡಿದ್ದ ಸಿಂಹ
ಬಾಯಿ ತೆರೆದು ಮುಚ್ಚಿತು.

ಹೆಬ್ಬೆರಳು ಉರಿಯುತ್ತಿತ್ತು.
ನಾಲ್ಕು ದಿನ ನಡೆಯಬೇಕಂತೆ.
ನಾಳೆ ಇಡೀ ದಿನ ಕಡಲೇ,
ನೆಲವಿಲ್ಲ.